ಅಕ್ಕನ ಕೊನೆಯ ಪೇಪರ್

ವೀಲ್ ಸ್ಪ್ಯಾನರನ್ನು ಅಂಗಿಯೊಳಗೆ ತುರುಕಿಕೊಂಡು ಗ್ಯಾರೇಜಿನಿಂದ ತಮ್ಮ ಹೊರಬಿದ್ದಾಗ ಬೆಳಗಿನ ಒಂಬತ್ತು ಗಂಟೆ. ಅಕ್ಕನ ಪರೀಕ್ಷೆ ಹತ್ತಕ್ಕೆ. ಭಾವನ ಮೂಳೆ ಮುರಿಯಲು ಅಷ್ಟು ಹೊತ್ತು ಧಾರಾಳವಾಯಿತು.

ಆಗಷ್ಟೇ ಫೋನು ಮಾಡಿ ಸುದ್ದಿ ಹೇಳಿದ್ದು ಅಕ್ಕನ ಎದುರುಮನೆಯ ಕಿಟಕಿ ಅಜ್ಜಿ. ಊರು ಹೋಗು ಕಾಡು ಬಾ ಅನ್ನುವ ವಯಸ್ಸು, ಆದರೂ ಕಿಟಕಿ ಬಿಟ್ಟು ಕದಲದ ಜೀವ.

"ಜಾರಿ ಬಿದ್ದೆ ಅಂತ ಫೋನಲ್ಲಿ ಹೇಳಿದ್ಲಾ? ಸುಳ್ಳು ಕಣಪ್ಪಾ! ಮೊನ್ನೆ ಬೆಳಿಗ್ಗೆ ನಾನೇ ಕಣ್ಣಾರೆ ನೋಡಿದೆ. ಒಗೆಯೋ ಕಲ್ಲಿನ ಮೇಲೆ ಅವಳ ಬಲಗೈ. ಗಂಡನ ಕೈಲಿ ಸುತ್ತಿಗೆ. ಕಿರುಚಬಾರದು ಅಂತ ಬಾಯಿಗೆ ಬಟ್ಟೆ ಬೇರೆ ತುರುಕಿದ್ದ, ಪಾಪಿ. ಒಂದೇ ಏಟು. ಆಮೇಲೆ ಆ ಮಹಾರಾಯನೇ ಗೋಳೋ ಅಂತ ಅಳ್ತಾನೆ! ಏನ್ ನಾಟಕ ಅಂತೀಯಾ."

"ಯಾಕಂತೆ?"

"ಇನ್ಯಾಕೆ? ಅವಳು ಓದೋದು ಅವನಿಗೆ ಸೇರಲ್ಲ. 'ಸಾಕು ಮಾಡು ಈ ಹುಚ್ಚು, ಹಾಳಾಗಿ ಹೋಗ್ಲಿ ಆ ಡಿಗ್ರಿ' ಅಂತ ಒಂದು ವಾರದಿಂದ ಕೂಗ್ತಿದ್ದ. ಕೈ ಮುರಿದ್ರೂ ಇವತ್ತು ಕಾಲೇಜಿಗೆ ಹೊರಟಿದ್ದಾಳೆ, ಹಟಮಾರಿ. ಅವನೂ ಬಾಲದ ಹಾಗೆ ಹಿಂದೆ ಹೋದ."

ತಮ್ಮನಿಗೆ ಪಿತ್ತ ನೆತ್ತಿಗೇರಿತು.

ಏರದೆ ಇರುತ್ತದೆಯೇ? ಅಮ್ಮ ಸತ್ತಾಗ ಅವನಿಗೆ ಆರು ವರ್ಷ. ಅಕ್ಕ ಡಿಗ್ರಿಯ ಎರಡನೇ ವರ್ಷದಲ್ಲಿದ್ದಳು. ಪುಸ್ತಕ ಕಟ್ಟಿಟ್ಟು ಆಸ್ಪತ್ರೆಯ ಲಾಂಡ್ರಿಗೆ ಸೇರಿದಳು. ಇಪ್ಪತ್ತನಾಲ್ಕು ವರ್ಷ ಸೋಡಾ, ಬಿಸಿನೀರು, ರಕ್ತ ಹತ್ತಿದ ಹಾಸಿಗೆ ಬಟ್ಟೆ. ಅವನು ಉಂಡದ್ದು, ಉಟ್ಟದ್ದು ಎಲ್ಲ ಆ ಕೈಯ ದುಡಿಮೆ. ನಲವತ್ತು ದಾಟಿದ ಮೇಲೆ ಮತ್ತೆ ಕಾಲೇಜಿಗೆ ಸೇರಿದಳು. ಓಣಿಯೆಲ್ಲ ನಕ್ಕಿತು. ಅವಳು ಒಂದೊಂದೇ ಪೇಪರ್ ಪಾಸು ಮಾಡುತ್ತ ಬಂದಳು. ಉಳಿದದ್ದು ಇತಿಹಾಸ ಒಂದೇ.

ಅದರಲ್ಲಿ ಎರಡು ಸಲ ಫೇಲಾದಳು. ಉತ್ತರ ಬಾರದೆ ಅಲ್ಲ. ಕೇಳಿದರೆ ರಾಜರನ್ನೂ ಯುದ್ಧಗಳನ್ನೂ ಅರಳು ಹುರಿದಂತೆ ಹೇಳುತ್ತಿದ್ದಳು. ಆದರೆ ಇತಿಹಾಸವೆಂದರೆ ಪುಟಗಟ್ಟಲೆ ಬರೆಯಬೇಕು. ಊದಿಕೊಂಡ ಬೆರಳು ಓಡುತ್ತಿರಲಿಲ್ಲ, ಅರ್ಧ ಬರೆಯುವಷ್ಟರಲ್ಲಿ ಗಂಟೆ ಬಾರಿಸುತ್ತಿತ್ತು. ಹೆಚ್ಚಿಗೆ ಹೊತ್ತು ಕೊಡಿ ಎಂದು ಅರ್ಜಿ ಹಾಕಿದರೆ ಕಾಲೇಜಿನವರು, "ಕೈ ನೆಟ್ಟಗೇ ಇದೆಯಲ್ಲಮ್ಮಾ" ಎಂದು ವಾಪಸು ಕಳಿಸಿದ್ದರು. ಇದು ಕೊನೆಯ ಅವಕಾಶ. ಇದೂ ಹೋದರೆ ಪಾಸಾದ ಪೇಪರುಗಳೂ ಲೆಕ್ಕಕ್ಕಿಲ್ಲ, ಅಷ್ಟು ವರ್ಷದ ಓದು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ.

ಅಂಥ ಹೊತ್ತಿನಲ್ಲಿ ಆ ಬೋರ್ಡು ಬರೆಯುವ ಭಾವ, ನಾಲ್ಕು ಮಾತಿಗೆ ಒಂದು ಮಾತಾಡುವ ಗೋವಿನಂಥ ಮನುಷ್ಯ, ಸುತ್ತಿಗೆ ಎತ್ತಿದ್ದಾನೆ!

ಭಾವ ಕಾಲೇಜಿನ ಗೇಟಿನ ಬಳಿ ಒಬ್ಬನೇ ನಿಂತಿದ್ದ. ತಲೆ ಬಾಚಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದ. ಜೇಬಿನಲ್ಲಿ ಎರಡು ಹೊಸ ಪೆನ್ನು. ಮದುವೆಗೆ ಬಂದವನ ಹಾಗೆ.

"ಅಕ್ಕ ಎಲ್ಲಿ?"

"ಆಫೀಸಿಗೆ ಹೋಗಿದ್ದಾಳೆ, ಸಹಿ ಹಾಕಿಸೋಕೆ. ನೀನು..."

ಮಾತು ಮುಗಿಯಲಿಲ್ಲ. ಮೊದಲ ಏಟು ದವಡೆಗೆ, ಎರಡನೆಯದು ಪಕ್ಕೆಗೆ. ಭಾವ ಮಣ್ಣಿಗೆ ಬಿದ್ದ. ತಮ್ಮ ಒದ್ದ. ಮತ್ತೆ ಒದ್ದ. ಮೂಗಿನಿಂದ ರಕ್ತ ಸುರಿದು ಇಸ್ತ್ರಿಯ ಅಂಗಿ ಕೆಂಪಾಯಿತು. ಹುಡುಗ ಹುಡುಗಿಯರು ಸುತ್ತ ಸೇರಿದರು. ವಾಚ್‌ಮನ್ ಬಿಡಿಸಲು ಬಂದವನು, "ಹೆಂಡ್ತಿ ಕೈ ಮುರಿದವನು ಇವನು!" ಎಂದು ತಮ್ಮ ಕೂಗಿದ್ದು ಕೇಳಿ ಅಲ್ಲೇ ನಿಂತ.

"ಹಾಕಿ ಇನ್ನೆರಡು!" ಎಂದು ಯಾರೋ ಕೂಗಿದರು.

ಭಾವ ತಿರುಗಿ ಕೈಯೆತ್ತಲಿಲ್ಲ. ಬಲಗೈಯನ್ನು ಹೊಟ್ಟೆಯ ಕೆಳಗೆ ಹುದುಗಿಸಿಕೊಂಡು ಬೋರಲು ಬಿದ್ದುಕೊಂಡ.

"ಎಲ್ಲಿ ಬೇಕಾದ್ರೂ ಹೊಡಿ," ಅಂದ. "ಬಲಗೈ ಒಂದು ಬಿಡು. ದಮ್ಮಯ್ಯ."

"ಯಾಕೆ? ನಿನ್ನ ಕೈ ಮಾತ್ರ ಕೈಯಾ?"

ಭಾವ ಬಾಯಿ ತೆರೆದ. ವಾಚ್‌ಮನ್ನನ್ನು ನೋಡಿದ, ಸುತ್ತ ನಿಂತ ಜನರನ್ನು ನೋಡಿದ. ಮತ್ತೆ ಬಾಯಿ ಮುಚ್ಚಿದ.

ಅಷ್ಟು ಸಾಕಾಯಿತು. ತಮ್ಮ ಆ ಕೈಯನ್ನು ಹಿಡಿದೆಳೆದ, ಗೇಟಿನ ಕಲ್ಲಿನ ಮೇಲಿಟ್ಟು ಮೊಣಕೈಯನ್ನು ಮಂಡಿಯಿಂದ ಅದುಮಿದ. "ಈ ಕೈಯಿಂದಲೇ ತಾನೇ ಹೊಡೆದದ್ದು?" ಸ್ಪ್ಯಾನರ್ ಎರಡು ಸಲ ಇಳಿಯಿತು. ಒಣಗಿದ ಪುಳ್ಳೆ ಮುರಿದಂಥ ಸದ್ದು. ಭಾವ ಕೂಗಿದ ಕೂಗಿಗೆ ಮುಂದೆ ನಿಂತಿದ್ದ ಹುಡುಗಿಯರು ಮುಖ ಮುಚ್ಚಿಕೊಂಡರು.

ತಮ್ಮ ಎದ್ದು ನಿಂತು ಬೆವರು ಒರೆಸಿಕೊಂಡ. ಹಗುರವೆನಿಸಿತು. ಹುಟ್ಟಿದಾಗಿನಿಂದ ಅಕ್ಕನಿಗಾಗಿ ಮಾಡಿದ ಮೊದಲ ಕೆಲಸ ಇದೇ ಅನ್ನಿಸಿ ಎದೆ ತುಂಬಿ ಬಂತು.

ಆಗ ಅಕ್ಕ ಬಂದಳು. ಬಲಗೈಗೆ ಬಿಳಿ ಪಟ್ಟಿ, ಎಡಗೈಯಲ್ಲಿ ಕಾಗದ. ಗಂಡನನ್ನು ಕಂಡಳು. ಆ ಕೈಯನ್ನು ಕಂಡಳು. ಕಾಗದ ಕೈಜಾರಿ ತಮ್ಮನ ಕಾಲಬುಡಕ್ಕೆ ಬಿತ್ತು.

"ಬಿಡಕ್ಕಾ, ಅವನ ಪಾಪ ಅವನಿಗೆ. ನೀನು ನಡಿ," ಎನ್ನುತ್ತ ತಮ್ಮ ಬಗ್ಗಿದ.

ಅವಳ ಹಿಂದೆಯೇ ಪರೀಕ್ಷೆಯ ಮೇಲ್ವಿಚಾರಕರು ಗಡಿಯಾರ ನೋಡಿಕೊಳ್ಳುತ್ತ ಬಂದರು. "ಏನಮ್ಮಾ, ನೀವು ಹೇಳಿದ್ದನ್ನ ಬರೆಯೋರು ಎಲ್ಲಿ? ಹತ್ತೇ ನಿಮಿಷ ಇರೋದು. ಕೈ ಮುರಿದೋರಿಗೆ ಮಾತ್ರ ಕೊಡೋ ಅನುಮತಿ ಇದು. ಫೋಟೋದಲ್ಲಿ ಇರೋರೇ ಬರಬೇಕು, ಬದಲಿ ಆಗಲ್ಲ."

ಕಾಗದವನ್ನು ತಮ್ಮ ಎತ್ತಿಕೊಂಡ. ಅಂಟಿಸಿದ ಫೋಟೋದಲ್ಲಿ ಭಾವ, ತಲೆ ಬಾಚಿಕೊಂಡು, ಇಸ್ತ್ರಿಯ ಅಂಗಿಯಲ್ಲಿ.

ಅಕ್ಕ ಗಂಡನ ಪಕ್ಕ ಮಣ್ಣಿನಲ್ಲಿ ಕುಸಿದು ಕುಳಿತಳು. ತಮ್ಮನಿಗೊಬ್ಬನಿಗೇ ಕೇಳುವಷ್ಟು ಮೆಲ್ಲಗೆ ಅಂದಳು:

"ಮುರೀರಿ ಅಂತ ಒಂದು ವಾರ ಅವರ ಕಾಲು ಹಿಡಿದಿದ್ದೆ ಕಣೋ."