ಹಿತ್ತಲಿಗೆ ಬಂದ ತವರು

ಕುಂಡಗಳಿಗೆ ಮಣ್ಣು ತುಂಬಲು ಚೀಲ ಬಿಚ್ಚಿದಾಗಲೆಲ್ಲ, ಒದ್ದೆ ಕೆಮ್ಮಣ್ಣಿನ ವಾಸನೆಗೆ ನನಗೆ ಒಂದು ನಾಗರಪಂಚಮಿಯ ಮಧ್ಯಾಹ್ನ ನೆನಪಾಗುತ್ತದೆ.

ನವಲಗುಂದದ ಕಡೆಯ ನಮ್ಮೂರಲ್ಲಿ ಎಲ್ಲಿ ನೋಡಿದರೂ ಕಪ್ಪು ಎರೆಮಣ್ಣು. ಅವ್ವನ ತವರು ದೇವಿಕೊಪ್ಪದಲ್ಲಿ ಕೆಂಪು ಮಣ್ಣು. ಆ ವರ್ಷ ನಮ್ಮನೆಯಲ್ಲಿ ಅಜ್ಜ ಹಾಸಿಗೆ ಹಿಡಿದಿದ್ದರಿಂದ ಅವ್ವನಿಗೆ ಪಂಚಮಿಗೆ ತವರಿಗೆ ಹೋಗಲಾಗಲಿಲ್ಲ. ಅವಳು ಹಬ್ಬದ ರೊಟ್ಟಿ ಬಡಿಯುವ ಸಪ್ಪಳ ಜೋರಾಗಿತ್ತು.

ಹಬ್ಬದ ದಿನ ಸೋದರಮಾವನೇ ಬಂದ. ಕೈಯಲ್ಲಿ ಉಂಡಿಯ ಡಬ್ಬಿ, ಹೆಗಲ ಮೇಲೆ ಗೋಣಿಚೀಲ.

“ಚೀಲದಾಗ ಏನೈತಿ ಅಣ್ಣಾ?” ಅಂದಳು ಅವ್ವ.

“ನಮ್ಮೂರ ಮಣ್ಣು, ತಂಗಿ. ನಿಮ್ಮತ್ತಿಯವರು ಹೇಳಿ ಕಳಿಸಿದ್ರು.”

ಅವ್ವನ ಅತ್ತೆ, ಅಂದರೆ ನಮ್ಮಜ್ಜಿ, ಹಿತ್ತಲಲ್ಲಿ ಕಲ್ಲು ಜೋಡಿಸಿ, ಕಾಯಿಪಲ್ಲೆಗೆಂದು ಎತ್ತರದ ಮಡಿ ಕಟ್ಟಿಸಿ, ಅರ್ಧ ಎರೆಮಣ್ಣು ತುಂಬಿಸಿಟ್ಟಿದ್ದಳು. “ಬರೇ ಎರಿ ಇದ್ರ ಮಳ್ಯಾಗ ಕೆಸರು, ಬಿಸಲಾಗ ಬಿರುಕು. ಮೆಂತೆಪಲ್ಲೆ ಬರೂದಿಲ್ಲ” ಎನ್ನುತ್ತ, ಅದರ ಮೇಲೆ ಕೆಮ್ಮಣ್ಣು, ಕುರಿಹಿಕ್ಕೆ, ಒಲೆಯ ಬೂದಿ ಸುರಿಸಿದಳು. ಕಲಸಲೆಂದು ನಾನು ಸಲಿಕೆ ತಂದೆ.

“ಪಂಚಮ್ಯಾಗ ಮಣ್ಣಿಗೆ ಸಲಿಕಿ ಹಚ್ಚಬಾರ್ದು. ನಿಮ್ಮವ್ವ ಕಾಲಿಂದ ಕಲಸಲಿ” ಎಂದ ಅಜ್ಜಿ ಅವ್ವನ ಕಡೆ ತಿರುಗಿದಳು. “ಚಪ್ಪಲಿ ಬಿಟ್ಟು ಹತ್ತವಾ. ತವರಮನಿ ಮಣ್ಣದು. ಸಾವಕಾಶ ಹೋಗಿ ಬಾ. ಮುದುಕನ್ನ ನಾ ನೋಡ್ಕೋತೀನಿ.”

ಅವ್ವ ಸೀರೆ ಎತ್ತಿ ಕಟ್ಟಿ ಮಡಿ ಹತ್ತಿದಳು. ಮಣ್ಣು ಕಲಸಿ ಎಷ್ಟೋ ಹೊತ್ತಾಗಿತ್ತು. ಅವಳು ಮಾತ್ರ ಇಳಿಯಲಿಲ್ಲ. ಆ ಸಂಜೆ ಒಲೆ ಹೊತ್ತಿಸಿ ಅನ್ನಕ್ಕಿಟ್ಟವಳು ಅಜ್ಜಿ.