ಓಟಿಲಿಯಾಳ ಸಾಸೇಜಿನ ವಿಚಾರಣೆ

ಇದು ನಡೆದದ್ದೇ. ಸುಳ್ಳಾದರೆ ನನ್ನ ನಾಲಿಗೆಗೆ ಈ ಜನ್ಮದಲ್ಲಿ ಮತ್ತೆ ಉಪ್ಪು ತಾಗದಿರಲಿ. ರೈನ್ ನದಿ ದಡದ ನಮ್ಮೂರಲ್ಲಿ, ಮಾಂಸ ಮುಟ್ಟಬಾರದ ತಪಸ್ಸುಕಾಲದಲ್ಲಿ, ಅದೂ ಶುಕ್ರವಾರ, ಅಚ್ಚುಕೂಟದ ಓಟಿಲಿಯಾ ಬೀದಿಬಾಗಿಲು ತೆರೆದಿಟ್ಟುಕೊಂಡೇ ಸಾಸೇಜು ಹುರಿದಳು. ಘಮಲು ಚರ್ಚಿಗೆ ನುಗ್ಗಿ, ಪೂಜೆ ಮುಗಿಯುವ ಮೊದಲೇ ಹಿಂದಿನ ಮೂರು ಸಾಲು ಖಾಲಿ. ಸಂತರ ಕಲ್ಲುಮೂರ್ತಿಯೊಂದು ಮೂಗು ತಿರುಗಿಸಿದ್ದು ಇವತ್ತಿಗೂ ಓರೆಯಾಗಿಯೇ ಇದೆ.

ಬಾಣಲೆ ಆರುವ ಮೊದಲೇ ಅವಳನ್ನೂ ಬಾಣಲೆಯನ್ನೂ ಪುರಭವನಕ್ಕೆ ಎಳೆತಂದರು. ಮೇಜಿನ ಒಂದು ಕಡೆ ಬಿಷಪ್ಪರ ವಿಚಾರಣಾಧಿಕಾರಿ ಪಾದ್ರಿ ಗ್ಯಾಂಗೋಲ್ಫ್, ಇನ್ನೊಂದು ಕಡೆ ನಗರಾಧ್ಯಕ್ಷ ಎಬರ್ಲಿನ್. ನಡುವೆ ಸಾಕ್ಷಿಯಾಗಿ ಏಳು ಸಾಸೇಜು.

"ಏನಮ್ಮಾ ಇದು?" ಪಾದ್ರಿ ಕೇಳಿದರು.

"ಹಂದಿ, ಸ್ವಾಮಿ. ತಪಸ್ಸುಕಾಲದಲ್ಲಿ ತಿನ್ನಬಾರ್ದು ಅಂತ ಬೈಬಲ್ಲಲ್ಲಿ ಎಲ್ಲಿದೆ ತೋರಿಸಿ, ತಿಂದಿದ್ದನ್ನ ಇಲ್ಲೇ ಕಕ್ತೀನಿ. ಅಚ್ಚು ಹಾಕ್ದೋಳು ನಾನೇ, ಪುಟಪುಟಾನೂ ಗೊತ್ತು."

"ಕೇಳಿದ್ರಾ? ಬೈಬಲ್ಲೊಂದೇ ಸಾಕು ಅನ್ನೋ ಆ ಹೊಸ ಮತದ ರೋಗ ಇದೇ!" ಪಾದ್ರಿ ಮೇಜು ಗುದ್ದಿದರು. "ಇವಳ ಅಚ್ಚಿನ ಯಂತ್ರ ಒಡೆಸಿ. ಸಂಜೆಯೊಳಗೆ ಊರಾಚೆ ದಬ್ಬಿ."

ಗಂಡ ಸತ್ತ ಮೇಲೆ ಓಟಿಲಿಯಾಳಿಗೆ ಉಳಿದಿದ್ದೇ ಆ ಯಂತ್ರ. ಇಪ್ಪತ್ತು ವರ್ಷದ ಮಸಿ ಉಗುರೊಳಗಿತ್ತು.

ಅಧ್ಯಕ್ಷರಿಗೆ ಬೇರೆ ಸಂಕಟ. ಕಿಟಕಿಯಾಚೆ ಓಟಿಲಿಯಾಳ ಪರ ನೇಕಾರರು ದೊಣ್ಣೆ ಹಿಡಿದು ಇಣುಕುತ್ತಿದ್ದರು. ಊರಬಾಗಿಲಲ್ಲಿ ಬಿಷಪ್ಪರ ಕುದುರೆಸವಾರರು ನಿಂತಿದ್ದರು. ಅಧ್ಯಕ್ಷರು ಅವಳತ್ತ ಬಗ್ಗಿ ಪಿಸುಗುಟ್ಟಿದರು: "ತಾಯೀ, ಬೀವರ್ ಬಾಲದ್ದು ಅಂದ್ಬಿಡು."

ಬೀವರ್ ನೀರಲ್ಲಿ ಈಜುವ ಪ್ರಾಣಿ, ಹಾಗಾಗಿ ಅದರ ಬಾಲ ಮೀನೇ ಎಂದು ಮಠದವರು ಎಂದೋ ತೀರ್ಮಾನಿಸಿ, ಉಪವಾಸದಲ್ಲೂ ಚಪ್ಪರಿಸುತ್ತಿದ್ದರು.

"ಹಂದೀನ ಮೀನು ಅನ್ನೋಕೆ ನಾನೇನು ಪಾದ್ರೀನಾ?" ಎಂದಳು ಓಟಿಲಿಯಾ.

"ಇವಳ ಮಾತು ಬೇಡ!" ಗ್ಯಾಂಗೋಲ್ಫ್ ತೋಳು ಮಡಚಿದರು. "ಬಿಷಪ್ಪರ ಪಂಕ್ತೀಲಿ ಮೂವತ್ತು ವರ್ಷ ಬೀವರ್ ಬಾಲ ತಿಂದ ನಾಲಿಗೆ ಇದು. ಪರೀಕ್ಷೆ ಮಾಡ್ತೀನಿ."

ಒಂದು ತಿಂದರು. ಕಣ್ಣು ಮುಚ್ಚಿದರು. "ಒಂದರಲ್ಲಿ ತಿಳೀಲಿಲ್ಲ." ಇನ್ನೊಂದು ತಿಂದರು. ಕಾನೂನಿಗೆ ಸಾಕ್ಷಿ ಇಬ್ಬರು ಬೇಕೆಂದು ಅಧ್ಯಕ್ಷರೂ ಸಾಸಿವೆ ತರಿಸಿಕೊಂಡು ಕೂತರು. ಕೊನೆಗೆ ಬಾಣಲೆಯ ತುಪ್ಪದಂಥ ಜಿಡ್ಡನ್ನೂ ಪಾದ್ರಿ ರೊಟ್ಟಿಯಿಂದ ಬಳಿದು, ತೇಗಿ, ಎದ್ದು ನಿಂತು ಗುಡುಗಿದರು: "ಹಂದಿ! ಖಂಡಿತ ಹಂದಿ!"

"ಅಬ್ಬಾ, ಒಪ್ಕೊಂಡ್ರಲ್ಲ," ಎಂದಳು ಓಟಿಲಿಯಾ. "ಮನೇಲಿ ನಾನು ತಿಂದಿದ್ದು ಎರಡು, ಸ್ವಾಮಿ. ನೀವು ನಾಲ್ಕು, ಇವರು ಮೂರು. ಊರು ಬಿಡೋಕೆ ಮೂವರಿಗೂ ಒಂದೇ ಗಾಡಿ ಸಾಕಾ?"

ಕಿಟಕಿಯಾಚೆ ಯಾರೋ ಕಿಸಕ್ಕೆಂದರು. ಪಾದ್ರಿ ಮೆಲ್ಲಗೆ ಕುಳಿತರು.

"ಮೀನು," ಎಂದರು.

"ಹಂದಿ, ಸ್ವಾಮಿ. ನಾನೇ ಸಾಕಿದ್ದು."

"ಮೀನು ಅಂದ್ನಲ್ಲ, ಬಾಯ್ಮುಚ್ಚೇ!"

"ಅದಕ್ಕೆ ಈಜು ಬರ್ತಿತ್ತಾ?" ಅಧ್ಯಕ್ಷರು ಆಸೆಯಿಂದ ಕೇಳಿದರು.

"ಕೆಸರಲ್ಲಿ ಹೊರಳಾಡ್ತಿತ್ತು."

"ಬರ್ಕೊಳ್ರೀ, ನೀರಲ್ಲಿತ್ತು!" ಅಧ್ಯಕ್ಷರು ಗುಮಾಸ್ತನತ್ತ ತಿರುಗಿದರು.

ಬಿಷಪ್ಪರ ಮುದ್ರೆ, ನಗರದ ಮುದ್ರೆ ಎರಡೂ ಒತ್ತಿ ಆಜ್ಞೆ ಹೊರಟಿತು: ಓಟಿಲಿಯಾಳ ಸಾಸೇಜು ಮೀನು, ಅಲ್ಲವೆಂದವರಿಗೆ ಛಡಿಯೇಟು. ಊರಿಗೆಲ್ಲ ಹಂಚಲು ಅದನ್ನು ಅಚ್ಚು ಹಾಕಬೇಕಲ್ಲ? ಇದ್ದದ್ದು ಒಂದೇ ಯಂತ್ರ. ಓಟಿಲಿಯಾಳೇ ಹಾಕಿದಳು, ಒಂದು ಅಕ್ಷರ ತಪ್ಪದಂತೆ. ಉಳಿದ ಹಾಳೆಗಳಲ್ಲಿ ಮುಂದಿನ ಶುಕ್ರವಾರ ಸಾಸೇಜು ಸುತ್ತಿ ಕೊಟ್ಟಳು. ಕೊಡುವಾಗ ಪ್ರತಿಯೊಬ್ಬರಿಗೂ "ಹಂದಿ ಕಣ್ರೀ" ಎನ್ನುವಳು. ಸಾಲಿನ ತುದಿಯಲ್ಲಿ ಮುಸುಕು ಹೊದ್ದು ನಿಂತ ದಪ್ಪನೆಯ ಆಸಾಮಿಯೊಬ್ಬ ಪ್ರತಿ ಸಲವೂ "ಶ್! ಮೀನು!" ಎನ್ನುವನು.

ನಂಬಿಕೆ ಬರಲಿಲ್ಲವೇ? ಸರಿ, ಬಿಸಿಬಿಸಿ ಹುರಿದು ತಂದಿಡಿ, ತಿಂದೇ ಸಾಬೀತು ಮಾಡುತ್ತೇನೆ. ಸಾಕ್ಷಿ ಇಬ್ಬರು ಬೇಕು. ನನಗೇ ಎರಡು ತಟ್ಟೆ ಬಡಿಸಿ.