ಮೂರು ಸಲ ತಟ್ಟದ ಬಂಡೆ

"ಮೂರು ಸಲ ತಟ್ಟಿ, ಕಾದು, ಆಮೇಲೆ ಸುತ್ತಿಗೆ ಎತ್ತು ಅಂತ ಎಷ್ಟು ಬಡ್ಕೊಂಡೆ! ಕಿವಿ ಇಲ್ವೇನೇ ನಿಂಗೆ?" ರುದ್ರಪ್ಪ ಮೇಷ್ಟ್ರು ಗುಡುಗಿದರು.

"ನಾಳೆ ಬಸ್ಸು ಬರುತ್ತೆ ಸಾರ್, ಇನ್ನೂ ಆರು ಕಲ್ಲಿನ ಮಾದರಿ ಬಾಕಿ ಇತ್ತು," ಎಂದಳು ಭೂವಿಜ್ಞಾನದ ವಿದ್ಯಾರ್ಥಿನಿ ಮಂದಾಕಿನಿ.

ಹತ್ತು ದಿನ ಮೀರಿ ಈ ಬೆಟ್ಟದಲ್ಲಿ ಉಳಿದವರು ಕಲ್ಲಾಗುವುದು ಎಲ್ಲರಿಗೂ ಗೊತ್ತಿದ್ದದ್ದೇ. ಬಂಡೆ ಒಡೆಯುವ ಮೊದಲು ತಟ್ಟಿ ಕಾಯುವುದೂ ಅದಕ್ಕೇ, ಒಳಗೆ ಯಾರಾದರೂ ಇದ್ದರೆ ಓಗೊಡಲಿ ಎಂದು. ಒಂಬತ್ತನೇ ದಿನಕ್ಕೆ ಅವಳ ಉಗುರುಗಳೂ ಬೂದುಬಣ್ಣಕ್ಕೆ ತಿರುಗಿದ್ದವು.

ಮೇಷ್ಟ್ರು ಅವಳ ಕೈಯಲ್ಲಿದ್ದ, ಒಡೆದ ಬಂಡೆಯ ಚೂರನ್ನು ಕಸಿದು ತಿರುಗಿಸಿದರು. ಅದು ಕಿವಿ. ಹೋದ ವರ್ಷ ಇಲ್ಲೇ ದಾರಿ ತಪ್ಪಿ ಕಾಣೆಯಾದ ಹೆಂಡತಿಗೆ ಅವರೇ ಕೊಡಿಸಿದ್ದ ಕೆಂಪು ಹರಳಿನ ಓಲೆ ಅದರಲ್ಲಿತ್ತು.

"ಒಡೆದಾಗ... ಏನಾದ್ರೂ ಅಂದಳಾ?"

"'ರೀ' ಅಂದಂಗಾಯ್ತು ಸಾರ್. ಗಾಳಿ ಅನ್ಕೊಂಡೆ." ಮಂದಾಕಿನಿಯ ಕೈಯಿಂದ ಸುತ್ತಿಗೆ ಜಾರಿತು.

ಮೇಷ್ಟ್ರು ಚೂರನ್ನು ಟವೆಲ್ಲಿನಲ್ಲಿ ಸುತ್ತಿ, ಎದೆಗವಚಿಕೊಂಡು ಬೆಟ್ಟ ಹತ್ತಿದರು. ಮರುದಿನ ಡ್ರೈವರ್ ಮಧ್ಯಾಹ್ನದವರೆಗೂ ಹಾರನ್ ಹೊಡೆದ. ಅವರು ಇಳಿದು ಬರಲಿಲ್ಲ.